ಅಡಿಕೆ ಉಗ್ರಾಣವನ್ನು ಓದುವ ಕೋಣೆ ಮಾಡಿದ್ದೇವೆ: ಮಳೆಗಾಲದ ಪಸೆ ಹೋಗಲು ಎಷ್ಟು ದೊಡ್ಡ ಹೀಟರ್ ಬೇಕು?

ಪ್ರಶ್ನೆ
ಕೇಳಿದವರು: ತೋಟದಂಚು

ಮಾನ್ಯರೆ,

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ನಮ್ಮ ತೋಟದ ಅಂಚಿಗೆ, ಅಜ್ಜ ಕಟ್ಟಿಸಿದ ಅಡಿಕೆ ಉಗ್ರಾಣವೊಂದಿದೆ. ಉದ್ದ 40 ಅಡಿ, ಅಗಲ 18 ಅಡಿ, ಗೋಡೆಯ ಎತ್ತರ 12 ಅಡಿ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆಗೆ ಮಣ್ಣಿನ ಗಾರೆ. ಮೇಲೆ ಮಂಗಳೂರು ಹೆಂಚಿನ ಮಾಡು. ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟ ಮೇಲೆ ಆ ಕಟ್ಟಡಕ್ಕೆ ಕೆಲಸವಿಲ್ಲದಂತಾದ್ದರಿಂದ, ಮೂರು ವರ್ಷದ ಹಿಂದೆ ಒಳಗೆ ಸಿಮೆಂಟ್ ಗಿಲಾವು ಮಾಡಿಸಿ, ಎಮಲ್ಷನ್ ಬಣ್ಣ ಹೊಡೆಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಬೆಳಕಿಗೆಂದು ನಾಲ್ಕು ಕಿಟಕಿ ಒಡೆಸಿದೆವು. ತಂದೆಯವರು ಕೂಡಿಟ್ಟ ಸುಮಾರು ನಾಲ್ಕು ಸಾವಿರ ಪುಸ್ತಕಗಳು ಈಗ ಅಲ್ಲಿವೆ. ಊರಿನ ಮಕ್ಕಳು ಸಂಜೆ ಬಂದು ಓದುತ್ತಾರೆ, ಶನಿವಾರ ರಾತ್ರಿ ತಾಳಮದ್ದಳೆಯ ಕೂಟ ನಡೆಯುತ್ತದೆ.

ಜನವರಿಯಿಂದ ಮೇ ತಿಂಗಳವರೆಗೆ ಇದಕ್ಕಿಂತ ಒಳ್ಳೆಯ ಕೋಣೆ ಈ ಸುತ್ತಿನಲ್ಲಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಜೂನ್ ಬಂದಿತೆಂದರೆ ಎಲ್ಲವೂ ತಿರುವುಮುರುವು. ಪುಸ್ತಕಗಳ ಬೆನ್ನಿಗೆ ಬಿಳಿ ಬೂಷ್ಟು, ಬಾಗಿಲು ತೆರೆದರೆ ಮುಗ್ಗಲು ವಾಸನೆ. ಗೋಡೆಯ ಕೆಳಗಿನ ಮೂರು ಅಡಿಯಷ್ಟು ಭಾಗದಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಕೆಲವು ದಿನ ಬೆಳಗ್ಗೆ ನೆಲವೆಲ್ಲ ಯಾರೋ ಒದ್ದೆ ಬಟ್ಟೆಯಿಂದ ಒರೆಸಿ ಹೋದಂತೆ ಬೆವರಿರುತ್ತದೆ. ಮದ್ದಳೆಯ ಚರ್ಮವಂತೂ ಸಡಿಲವಾಗಿ, ಶ್ರುತಿಗೆ ತರಲು ಭಾಗವತರು ಬರುವ ಮೊದಲೇ ಅದನ್ನು ಬಚ್ಚಲ ಒಲೆಯ ಮುಂದೆ ಹಿಡಿದು ಕಾಯಿಸಿಕೊಂಡು ಬರಬೇಕು.

ಈ ವರ್ಷ 2,000 ವ್ಯಾಟಿನ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಒಂದನ್ನು ತಂದು, ಮೂರು ಶನಿವಾರ ಸಂಜೆ ಆರರಿಂದ ಹತ್ತರವರೆಗೆ ಉರಿಸಿ ನೋಡಿದೆ. ಅದರ ಮಗ್ಗುಲಲ್ಲಿ ಕುಳಿತವರಿಗೆ ಹಿತವಾಯಿತೇ ಹೊರತು ಕೋಣೆಯ ಸ್ಥಿತಿ ಬದಲಾಗಲಿಲ್ಲ. ಮರುದಿನ ಬೆಳಗ್ಗೆ ನೆಲ ಮೊದಲಿಗಿಂತ ಹೆಚ್ಚು ಒದ್ದೆಯಾಗಿತ್ತೆಂದು ನನ್ನ ಪತ್ನಿ ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸಿತು. ಇಷ್ಟು ದೊಡ್ಡ ಕೋಣೆಗೆ ಎಷ್ಟು ಕಿಲೋವ್ಯಾಟಿನ ಹೀಟರ್ ಬೇಕಾದೀತು? ಸೌದೆಗೆ ನಮ್ಮಲ್ಲಿ ಕೊರತೆಯಿಲ್ಲದ್ದರಿಂದ ಹೊಗೆಕೊಳವೆ ಇರುವ ಕಬ್ಬಿಣದ ಒಲೆ ಕೂರಿಸುವುದು ಮೇಲೋ, ಅಥವಾ ಸಿಲಿಂಡರ್ ಇಟ್ಟು ಉರಿಸುವ ಗ್ಯಾಸ್ ಹೀಟರ್ ಸಾಕೋ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ
ಬರೆದವರು: ಲೀಡ್ಸ್‌ನಿಂದ

ನಾನು ಶಿರಸಿಯವನು. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿದ್ದೇನೆ. ಇಲ್ಲಿನ ನಮ್ಮ ಮನೆಯ ದೊಡ್ಡ ಕೋಣೆ ಒಂದು ಕಾಲದಲ್ಲಿ ಕಲ್ಲಿನ ದನದ ಕೊಟ್ಟಿಗೆಯಾಗಿತ್ತು. ಆದ್ದರಿಂದ ನಿಮ್ಮ ಕಷ್ಟ ನನಗೆ ಪರಿಚಿತ.

ನಿಮ್ಮ ಪತ್ನಿಯವರು ಹೇಳಿದ್ದು ಸರಿಯೇ ಇರಬೇಕು. ಮೊದಲ ಚಳಿಗಾಲದಲ್ಲಿ ನಾವು ಮಾಡಿದ ತಪ್ಪೂ ಅದೇ: ವಾರಕ್ಕೊಮ್ಮೆ ಜೋರಾಗಿ ಕಾಯಿಸಿ ಉಳಿದ ದಿನ ಆರಿಸಿಬಿಡುತ್ತಿದ್ದೆವು. ನಾಲ್ಕು ಗಂಟೆಯಲ್ಲಿ ಬಿಸಿಯಾಗುವುದು ಗಾಳಿ ಮಾತ್ರ. ಒಂದೂವರೆ ಅಡಿಯ ಗೋಡೆಗೂ ನೆಲಕ್ಕೂ ಸುದ್ದಿಯೇ ಮುಟ್ಟಿರುವುದಿಲ್ಲ. ಕೂತ ಜನರ ಉಸಿರಿನ ನೀರನ್ನೂ ಗೋಡೆಯಿಂದ ಆವಿಯಾದ ನೀರನ್ನೂ ಗಾಳಿ ಹೊತ್ತುಕೊಳ್ಳುತ್ತದೆ, ಹೀಟರ್ ಆರಿಸಿದ ಮೇಲೆ ಅದೇ ನೀರನ್ನು ತಂಪಾದ ಟೈಲ್ಸಿನ ಮೇಲೆ ಇಳಿಸುತ್ತದೆ. ಒಬ್ಬ ಮನುಷ್ಯ ಸುಮ್ಮನೆ ಕುಳಿತರೂ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಉಸಿರು ಮತ್ತು ಬೆವರಿನ ಮೂಲಕ ಬಿಡುತ್ತಾನೆ. ಮೂವತ್ತು ಜನ ಮೂರು ಗಂಟೆ ಕುಳಿತರೆ ನಾಲ್ಕೂವರೆ ಲೀಟರಾಯಿತು. ಅರ್ಥಧಾರಿಗಳ ಆವೇಶದ ಬೆವರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಗ್ಯಾಸ್ ಹೀಟರನ್ನು ಮಾತ್ರ ಖಂಡಿತ ತರಬೇಡಿ. ಹೊಗೆಕೊಳವೆ ಇಲ್ಲದೆ ಉರಿಯುವ ಗ್ಯಾಸು ತಾನು ಉರಿದಾಗ ಹುಟ್ಟುವ ನೀರಾವಿಯನ್ನೆಲ್ಲ ಕೋಣೆಗೇ ಬಿಡುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋಗೂ ಮಿಕ್ಕಿ ನೀರು ಹುಟ್ಟುತ್ತದೆ, ನಮ್ಮೂರಿನ 14.2 ಕಿಲೋ ಸಿಲಿಂಡರ್ ಒಂದು ಮುಗಿಯುವ ಹೊತ್ತಿಗೆ ಒಂದು ಬಿಂದಿಗೆಗೂ ಹೆಚ್ಚು, 22 ಲೀಟರಿನಷ್ಟು ನೀರನ್ನು ನೀವೇ ಪುಸ್ತಕಗಳ ನಡುವೆ ಸುರಿದಂತಾಗುತ್ತದೆ. ಕಾರ್ಬನ್ ಮಾನಾಕ್ಸೈಡಿನ ಅಪಾಯ ಬೇರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುವುದು ಇದೇ ಕಾರಣಕ್ಕೆ ಪ್ರಾಣಾಂತಕ.

ನಾವು ಕೊನೆಗೆ ಕಂಡುಕೊಂಡ ದಾರಿಯೆಂದರೆ, ಇಡೀ ಚಳಿಗಾಲ ಹಗಲೂ ರಾತ್ರಿಯೂ 15 ಡಿಗ್ರಿಯಷ್ಟು ಮಂದ ಬಿಸಿಯನ್ನು ಬಿಡದೆ ಉಳಿಸಿಕೊಳ್ಳುವುದು, ದಿನಕ್ಕೆರಡು ಬಾರಿ ಎಲ್ಲ ಕಿಟಕಿಗಳನ್ನೂ ಹತ್ತು ನಿಮಿಷ ತೆರೆಯುವುದು. ನೀವೂ ಹಾಗೆ ಮಾಡಿ ನೋಡಬಹುದು.

ಉತ್ತರ
ಬರೆದವರು: ಓವರ್‌ಸಿಯರ್, ಸಾಗರ

ಲೀಡ್ಸಿನ ಮಿತ್ರರು ಗ್ಯಾಸಿನ ಬಗ್ಗೆಯೂ ಬಿಟ್ಟು ಬಿಟ್ಟು ಕಾಯಿಸುವುದರ ಬಗ್ಗೆಯೂ ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಕಿಟಕಿ ತೆರೆಯುವ ಸಲಹೆಯನ್ನು ಜುಲೈ ತಿಂಗಳಲ್ಲಿ ಆಗುಂಬೆಯ ಹತ್ತಿರ ಯಾರೂ ಪಾಲಿಸಬಾರದು. ಇದು ಅವರ ತಪ್ಪಲ್ಲ. ಅಲ್ಲಿನ ಗಾಳಿ ಬೇರೆ, ಇಲ್ಲಿನ ಗಾಳಿ ಬೇರೆ.

ಯಾರ್ಕ್‌ಶೈರಿನ ಚಳಿಗಾಲದಲ್ಲಿ ಹೊರಗೆ 5 ಡಿಗ್ರಿ ಉಷ್ಣತೆ, 90 ಪ್ರತಿಶತ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಈಗಿರುವ ಪಾಲು) ಇದೆಯೆಂದಿಟ್ಟುಕೊಳ್ಳೋಣ. ಆರ್ದ್ರತೆಯ ಅಂಕಿ ದೊಡ್ಡದಾಗಿ ಕಂಡರೂ ಆ ಚಳಿಗಾಳಿಯಲ್ಲಿರುವ ನೀರು ಘನಮೀಟರಿಗೆ 6 ಗ್ರಾಂ ಮಾತ್ರ. ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ 35ಕ್ಕೆ ಇಳಿಯುತ್ತದೆ. ಅಂದರೆ ಅವರಿಗೆ ಹೊರಗಿನ ಗಾಳಿಯೇ ಒಣಬಟ್ಟೆ. ನಮ್ಮ ಆಷಾಢದಲ್ಲಿ ಹೊರಗೆ 22 ಡಿಗ್ರಿ, 95 ಪ್ರತಿಶತವಿದ್ದರೆ ಘನಮೀಟರಿಗೆ 18 ಗ್ರಾಮಿಗೂ ಹೆಚ್ಚು ನೀರಿರುತ್ತದೆ. ಅದನ್ನು 27ಕ್ಕೆ ಕಾಯಿಸಿದರೂ ಆರ್ದ್ರತೆ 70ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೂಷ್ಟಿಗೆ ತಡೆ ಬೀಳುವುದು 70ಕ್ಕಿಂತ ಕೆಳಗೆ, ಪುಸ್ತಕಗಳಿಗೆ ನೆಮ್ಮದಿ 65ಕ್ಕಿಂತ ಕೆಳಗೆ. ಹಾಗಾಗಿ ಐದು ಡಿಗ್ರಿ ಬಿಸಿ ಏರಿಸಿಯೂ ನೀವು ಗಡಿಯ ಮೇಲೆಯೇ ನಿಂತಿರುತ್ತೀರಿ.

ಆ ಐದು ಡಿಗ್ರಿಗೆ ತಗಲುವ ಖರ್ಚನ್ನೂ ನೋಡೋಣ. ನಿಮ್ಮ ಕೋಣೆಯ ಗಾತ್ರ ಸುಮಾರು 245 ಘನಮೀಟರ್. ಹೆಂಚಿನ ಮಾಡಿನ ಸಂದುಗಳಿಂದ, ಗೋಡೆಯ ತಲೆಗೂ ಹೆಂಚು ಹೊತ್ತ ಪಕಾಸಿನ ಮರಕ್ಕೂ ನಡುವಿನ ತೆರಪಿನಿಂದ, ಗಂಟೆಗೆ ನಾಲ್ಕೈದು ಬಾರಿಯಾದರೂ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆ. ಆ ಗಾಳಿಗೇ ಎರಡು ಕಿಲೋವ್ಯಾಟ್ ಬೇಕು. ಬರಿಯ ಹೆಂಚಿನ ಮೂಲಕ ಇನ್ನೆರಡು, ಗೋಡೆಗಳ ಮೂಲಕ ಒಂದು ಹೊರಗೆ ಹೋಗುತ್ತದೆ. ಒಟ್ಟು ಐದು ಕಿಲೋವ್ಯಾಟ್, ಹಗಲೂ ರಾತ್ರಿಯೂ. ದಿನಕ್ಕೆ 120 ಯೂನಿಟ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಸತತವಾಗಿ ಅಷ್ಟು ಹೊತ್ತು ಇರುವುದೇ ಒಂದು ಸುದ್ದಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಸೌದೆಯ ಒಲೆಯಿಂದ ಈ ಖರ್ಚು ಉಳಿಯುತ್ತದೆ, ನಿಜ. ಆದರೆ ಹೊಗೆಕೊಳವೆ ಎಳೆದು ಹೊರಹಾಕಿದಷ್ಟೇ ಗಾಳಿಯನ್ನು ಮಳೆಯೊಳಗಿಂದ ಕೋಣೆ ಮತ್ತೆ ಎಳೆದುಕೊಳ್ಳುತ್ತದೆ. ಒಲೆ ಆರಿದ ಮೂರನೆಯ ಗಂಟೆಗೆ ನೀವು ಹೊರಟಲ್ಲಿಗೇ ಬಂದಿರುತ್ತೀರಿ.

ಆದ್ದರಿಂದ ಎಷ್ಟು ಕಿಲೋವ್ಯಾಟ್ ಎಂದು ಕೇಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಇದಕ್ಕೆ ಹಣವೇನೂ ಬೇಡ. ಒಂದಡಿ ಚೌಕದ ಪಾಲಿಥೀನ್ ತುಂಡುಗಳನ್ನು ನೆಲದ ಮೇಲೆ ಒಂದೆಡೆ, ಗೋಡೆಯ ಬುಡದಲ್ಲಿ ಒಂದೆಡೆ, ಆಳೆತ್ತರದಲ್ಲಿ ಒಂದೆಡೆ, ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ ಒದ್ದೆಯಾಗಿದ್ದರೆ ನೀರು ನೆಲದಿಂದ ಅಥವಾ ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಒದ್ದೆಯಾಗಿದ್ದರೆ ಗಾಳಿಯಿಂದ ಇಳಿಯುತ್ತಿದೆ. ಜೊತೆಗೆ ಐದಾರು ನೂರು ರೂಪಾಯಿಯ ಆರ್ದ್ರತಾ ಮಾಪಕಗಳೆರಡನ್ನು ತಂದು ಒಂದನ್ನು ಒಳಗೆ, ಒಂದನ್ನು ಜಗಲಿಯಲ್ಲಿ ತೂಗುಹಾಕಿ. ಅವುಗಳನ್ನು ನೇರವಾಗಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಗಸಿಯಂತೆ ನಿಲ್ಲುವಷ್ಟೇ ನೀರು ಬಿಟ್ಟು, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯೊಳಗೆ ಒಂದು ರಾತ್ರಿ ಇಟ್ಟರೆ ಡಬ್ಬಿಯೊಳಗಿನ ಆರ್ದ್ರತೆ 75 ಪ್ರತಿಶತಕ್ಕೆ ನಿಲ್ಲುತ್ತದೆ. ಮಾಪಕ ಎಷ್ಟು ಹೆಚ್ಚುಕಡಿಮೆ ತೋರಿಸುತ್ತದೆಯೋ ಅಷ್ಟು ಅದರ ದೋಷ.

ನಿಮ್ಮ ವಿವರಣೆಯಿಂದ ನನಗಿರುವ ಅನುಮಾನವನ್ನು ಹೇಳಿಬಿಡುತ್ತೇನೆ. ಕೆಳಗಿನ ಮೂರಡಿಯಲ್ಲಿ ಬಣ್ಣ ಏಳುವುದು ನೆಲದ ಪಸೆ ಏರುವ ಗುರುತು. ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಪಾಯದಿಂದ ನೀರನ್ನು ಬತ್ತಿಯಂತೆ ಮೇಲೆತ್ತುತ್ತದೆ. ಹಳೆಯ ಮಣ್ಣಿನ ಗಾರೆಯಿದ್ದಾಗ ಆ ನೀರು ಗೋಡೆಯ ಮೈಯಿಂದ ಉಸಿರಾಡಿ ಹೋಗುತ್ತಿತ್ತು. ಅದರ ಮೇಲೆ ನೀವು ಸಿಮೆಂಟನ್ನೂ ಪ್ಲಾಸ್ಟಿಕ್ಕಿನಂಥ ಬಣ್ಣವನ್ನೂ ಹೊದಿಸಿದ್ದರಿಂದ ಗೋಡೆ ರೇನ್‌ಕೋಟು ತೊಟ್ಟು ಒಳಗೊಳಗೇ ನೆನೆಯುತ್ತಿದೆ. ಇಂಥ ಗೋಡೆಯನ್ನು ಹೀಟರಿನಿಂದ ಒಣಗಿಸಲು ಹೊರಟರೆ ಬಾವಿಯನ್ನು ಚಮಚದಲ್ಲಿ ಬತ್ತಿಸಿದಂತೆ. ನೀವು ಕಾಯಿಸಿದಷ್ಟೂ ಅದು ಕೋಣೆಗೆ ನೀರು ಬಿಡುತ್ತಲೇ ಇರುತ್ತದೆ. ಕಟ್ಟಡದ ಸುತ್ತ ಅಂಗಳದ ಮಟ್ಟ ಎಷ್ಟಿದೆ, ಮಾಡಿನ ನೀರು ಎಲ್ಲಿ ಬೀಳುತ್ತದೆ, ಎರಚಲು ಯಾವ ಗೋಡೆಗೆ ಹೊಡೆಯುತ್ತದೆ ಎಂಬುದನ್ನು ಜಡಿಮಳೆ ಸುರಿಯುವಾಗಲೇ ಕೊಡೆ ಹಿಡಿದು ಹೋಗಿ ನೋಡಿ. ಬಿಸಿಲಿನಲ್ಲಿ ನೋಡಿದರೆ ಏನೂ ತಿಳಿಯದು.

ಇನ್ನೊಂದು ಮಾತು. ನಿಮ್ಮ ಅಜ್ಜ ಉಗ್ರಾಣಕ್ಕೆ ಕಿಟಕಿ ಇಡಿಸಿರಲಿಲ್ಲವಷ್ಟೆ? ಬಡತನದಿಂದ ಇಡಿಸಲಿಲ್ಲವೆಂದು ತಿಳಿಯಬೇಡಿ. ಮಳೆಗಾಲ ಪೂರ್ತಿ ಬಾಗಿಲು ಬಿಗಿದು, ಅಡಿಕೆ ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಪೇರಿಸಿ, ಪಡುವಣ ಗೋಡೆಗೆ ಸೋಗೆ ತಟ್ಟಿ ಕಟ್ಟಿ, ಬಿಸಿಲು ಬಿದ್ದ ಹೊಳವಿನ ದಿನ ಮಾತ್ರ ತೆರೆಯುತ್ತಿದ್ದರು.

ಕೋಣೆಯನ್ನು ಬಿಗಿ ಮಾಡಿಕೊಂಡ ಮೇಲೆ ಲೆಕ್ಕವೇ ಬದಲಾಗುತ್ತದೆ. ಹೆಂಚಿನ ಕೆಳಗೆ ಮರದ ಹಲಗೆಯದೋ ಪ್ಲೈವುಡ್ಡಿನದೋ ಒಳಮಾಳಿಗೆ (ಸೀಲಿಂಗ್) ಹಾಕಿ, ಕಿಟಕಿ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಕೊಟ್ಟು, ಎರಡು ಗಂಟೆಗೊಮ್ಮೆ ಗಾಳಿ ಬದಲಾಗುವಷ್ಟಕ್ಕೆ ಇಳಿಸಿದಿರೆಂದರೆ, ಹೀಟರಿನ ಬದಲು ಡಿಹ್ಯುಮಿಡಿಫೈಯರ್ ಯಂತ್ರವೊಂದು ಈ ಕೆಲಸವನ್ನು ಮಾಡಬಲ್ಲದು. ಅದು ಗಾಳಿಯ ನೀರನ್ನು ಹಿಂಡಿ ಬಕೆಟ್ಟಿಗೆ ಇಳಿಸುತ್ತದೆ, ಆ ನೀರು ಆವಿಯಾಗಿ ಅಡಗಿಸಿಟ್ಟಿದ್ದ ಶಾಖವನ್ನೂ ತಾನು ತಿಂದ ಕರೆಂಟಿನ ಶಾಖವನ್ನೂ ಕೋಣೆಗೇ ಬಿಡುತ್ತದೆ. ನೀರು ತೆಗೆಯುತ್ತಲೇ ಒಂದೆರಡು ಡಿಗ್ರಿ ಕಾಯಿಸುವ ಹೀಟರ್ ಎಂದೇ ಅದನ್ನು ತಿಳಿಯಬಹುದು. ನನ್ನ ಅಂದಾಜಿನಂತೆ ನಿಮ್ಮ ಕೋಣೆಯಲ್ಲಿ ಅದು ದಿನಕ್ಕೆ 12ರಿಂದ 15 ಲೀಟರ್ ನೀರು ತೆಗೆಯಬೇಕಾದೀತು, 8ರಿಂದ 10 ಯೂನಿಟ್ ತಿನ್ನಬಹುದು. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕ 30 ಡಿಗ್ರಿ, 80 ಪ್ರತಿಶತದ ಗಾಳಿಗೆ ಕೊಟ್ಟಿರುವುದು ಸಾಮಾನ್ಯ. ನಮ್ಮ ತಂಪಿನಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಹಾಗಾಗಿ 30 ಲೀಟರಿನದನ್ನು ನೋಡಿ.

ಉತ್ತರ
ಬರೆದವರು: ಮಡಿಕೇರಿಯ ಗೃಹಿಣಿ

ಓವರ್‌ಸಿಯರ್ ಅವರು ಬರೆದದ್ದನ್ನೆಲ್ಲ ಮಾಡಿಸಲು ಬೇಸಗೆಯೇ ಬರಬೇಕು. ಅಲ್ಲಿಯವರೆಗೆ ಪುಸ್ತಕಗಳ ಗತಿಯೇನು ಎಂಬ ಚಿಂತೆಯಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲೂ ಕಾಫಿ ಗೋದಾಮಿನ ಅರ್ಧವನ್ನು ಅತಿಥಿಗಳ ಕೋಣೆ ಮಾಡಿಕೊಂಡಿದ್ದೇವೆ. ಇಡೀ ಕೋಣೆಯನ್ನು ಒಣಗಿಸುವ ಹಟವನ್ನು ನಾನು ಬಿಟ್ಟೆ. ಬಟ್ಟೆ, ಹಾಸಿಗೆ, ಪುಸ್ತಕ ಇರುವ ಕಪಾಟುಗಳನ್ನು ಮಾತ್ರ ಒಣಗಿಸುತ್ತೇನೆ.

ಬಾಗಿಲು ಸರಿಯಾಗಿ ಮುಚ್ಚುವ ಕಪಾಟಿನ ತಳದಲ್ಲಿ 40 ವ್ಯಾಟಿನ ಹಳೆಯ ಕಾಲದ ತಂತಿಯ ಬಲ್ಬು ಉರಿಯುತ್ತಿದ್ದರೆ ಒಳಗೆ ನಾಲ್ಕೈದು ಡಿಗ್ರಿ ಏರಿ, ಬೂಷ್ಟು ಹತ್ತಿರ ಸುಳಿಯುವುದಿಲ್ಲ. ನಮ್ಮ ಅತ್ತೆಯವರ ಕಾಲದಿಂದಲೂ ಕೊಡಗಿನಲ್ಲಿ ರೇಷ್ಮೆ ಸೀರೆಗಳು ಉಳಿದುಬಂದಿರುವುದು ಹೀಗೆ. ಈಗ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬನ್ನು ಹಾಕಿ ಪ್ರಯೋಜನವಿಲ್ಲವೆಂಬುದನ್ನು ಒಂದು ಮಳೆಗಾಲವನ್ನೂ ಎರಡು ಸೀರೆಗಳನ್ನೂ ಕಳೆದುಕೊಂಡು ಕಲಿತೆ: 9 ವ್ಯಾಟಿನದು ಬೆಳಕು ಕೊಡುತ್ತದೆಯೇ ಹೊರತು ಕಪಾಟನ್ನು ಕಾಯಿಸುವಷ್ಟು ಬಿಸಿ ಅದರಲ್ಲಿಲ್ಲ. ಬಲ್ಬಿಗೆ ತಂತಿಬಲೆಯ ಗೂಡು ಮಾಡಿಸಿ, ಅದರಿಂದ ಒಂದಡಿಯೊಳಗೆ ಕಾಗದ, ಬಟ್ಟೆ ಏನೂ ಇರದಂತೆ ನೋಡಿಕೊಳ್ಳಬೇಕು. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ.

ಮಂಗಳೂರಿನ ಗೋದಾಮುಗಳಲ್ಲಿ ಮಾನ್ಸೂನ್ಡ್ ಮಲಬಾರ್ ಕಾಫಿಗೆಂದು ಬೀಜವನ್ನು ಮಳೆಗಾಳಿಗೆ ಬೇಕೆಂದೇ ಹರವಿ, ಕೈಯಾಡಿಸಿ, ವಾರಗಟ್ಟಲೆ ಉಬ್ಬಿಸುತ್ತಾರೆ. ನಾಲ್ಕು ಕಿಟಕಿ ತೆರೆದಿಟ್ಟ ನಿಮ್ಮ ಕೋಣೆಯಲ್ಲಿ ತಂದೆಯವರ ಪುಸ್ತಕಗಳಿಗೆ ಅದೇ ಉಪಚಾರ ನಡೆಯುತ್ತಿದೆ. ಅವಕ್ಕೆ ಹೆಚ್ಚಿನ ಬೆಲೆ ಮಾತ್ರ ಬರುವುದಿಲ್ಲ.

ಮದ್ದಳೆಯನ್ನೂ ಆ ಕಪಾಟಿನಲ್ಲೇ ಇಡಬಹುದೆಂದು ಕಾಣುತ್ತದೆ. ಆದರೆ ಬಲ್ಬಿಗೆ ದೂರವಾಗಿ, ಮೇಲಿನ ಅಂತಸ್ತಿನಲ್ಲಿ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ
ಬರೆದವರು: ತೋಟದಂಚು

ಮೂವರಿಗೂ ನಮಸ್ಕಾರ. ಹೇಳಿದ ಪರೀಕ್ಷೆಗಳನ್ನು ಮಾಡಿ ಮುಗಿಸಿದ್ದೇನೆ.

ಉಪ್ಪಿನ ಡಬ್ಬಿಯಲ್ಲಿ ಒಂದು ಮಾಪಕ 79 ತೋರಿಸಿತು, ಇನ್ನೊಂದು 74. ಆ ದೋಷಗಳನ್ನು ಕಳೆದು ನೋಡಿದರೆ, ಹತ್ತು ದಿನಗಳಲ್ಲಿ ಜಗಲಿಯ ಆರ್ದ್ರತೆ 90ಕ್ಕಿಂತ ಕೆಳಗಿಳಿದದ್ದು ಎರಡೇ ಮಧ್ಯಾಹ್ನ. ಒಳಗೆ 86ರಿಂದ 92. ಶನಿವಾರದ ಕೂಟ ಮುಗಿದ ರಾತ್ರಿ ಒಳಗೆ ಹೊರಗಿಗಿಂತ ಹೆಚ್ಚಿತ್ತು. ನೆಲದ ಪಾಲಿಥೀನಿನ ಹೊರಮೈ ಒದ್ದೆ, ಒಳಮೈ ಒಣಗಿತ್ತು. ಆದ್ದರಿಂದ ಟೈಲ್ಸ್ ಬೆವರುವುದು ಗಾಳಿಯಿಂದಲೇ. ಗೋಡೆಯ ಬುಡದ ಹಾಳೆಯ ಒಳಗೆ ಮಾತ್ರ ಹನಿಗಳು ಸಾಲಾಗಿ ನಿಂತಿದ್ದವು. ಆಳೆತ್ತರದಲ್ಲಿ ಅಂಟಿಸಿದ್ದರ ಒಳಮೈ ಒಣಗಿತ್ತು.

ಕೊಡೆ ಹಿಡಿದು ಸುತ್ತ ನೋಡಿಬಂದದ್ದೇ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಹೋದ ವರ್ಷ ಹಿಂದಿನ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದಾಗ, ಕೆಲಸದವರು ಮಣ್ಣು ತುಂಬಿ ಮಟ್ಟವನ್ನು ಕೋಣೆಯ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರಕ್ಕೆ ತಂದಿದ್ದಾರೆ, ಹಳೆಯ ಚರಂಡಿ ಅದರ ಕೆಳಗೆ ಹೂತುಹೋಗಿದೆ. ಮಾಡಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಹರಿದು ಅಲ್ಲಿಯೇ ಇಂಗುತ್ತಿತ್ತು. ಅಂದ ನೋಡಿ ಹಣ ಕೊಟ್ಟವನು ನಾನೇ ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಎರಡು ಸಾಲು ಕಲ್ಲು ಕೀಳಿಸಿ ಒಂದೂವರೆ ಅಡಿ ಆಳದ ಕಾಲುವೆ ತೆಗೆಸಿ ತೋಟದ ಕಡೆ ಬಿಟ್ಟಿದ್ದೇನೆ. ಪಡುವಣ ಗೋಡೆಗೆ ಸೋಗೆ ತಟ್ಟಿ ಕಟ್ಟಿಸಿದ್ದೂ ಆಯಿತು. ಕಟ್ಟಲು ಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದಾರೆ, ಅವರಿಗೂ ಎಪ್ಪತ್ತು ದಾಟಿದೆ. ಪುಸ್ತಕಗಳಲ್ಲಿ ಅಪರೂಪದ ಇನ್ನೂರನ್ನು ಆರಿಸಿ ಬಲ್ಬಿನ ಕಪಾಟಿಗೆ ಸೇರಿಸಿದ್ದೇವೆ. ಅದರೊಳಗೆ ಈಗ ಆರ್ದ್ರತೆ 64.

ಬೇಸಗೆಯಲ್ಲಿ ಕೆಳಗಿನ ನಾಲ್ಕಡಿ ಸಿಮೆಂಟ್ ಗಿಲಾವು ಕೆತ್ತಿಸಿ ಸುಣ್ಣದ ಗಾರೆ ಮಾಡಿಸುವುದು, ಒಳಮಾಳಿಗೆ ಹಾಕಿಸುವುದು, ಎರಡು ಕಿಟಕಿ ಮುಚ್ಚಿಸುವುದು ಎಂದು ನಿಶ್ಚಯಿಸಿದ್ದೇವೆ. ಯಂತ್ರವನ್ನು ಆಮೇಲೆ ಕೊಳ್ಳುತ್ತೇನೆ. ಒಂದೇ ಸಂದೇಹ: ಒಳಮಾಳಿಗೆ ಹಾಕಿದ ಮೇಲೆ ಹೆಂಚಿನ ಕೆಳಗಿನ ತೆರಪುಗಳನ್ನೂ ಗಾರೆ ಹಾಕಿ ಮುಚ್ಚಿಸಿಬಿಡಲೇ?

ಉತ್ತರ
ಬರೆದವರು: ಓವರ್‌ಸಿಯರ್, ಸಾಗರ

ಬೇಡ. ಒಳಮಾಳಿಗೆ ಮತ್ತು ಗೋಡೆ ಕೂಡುವ ಅಂಚನ್ನು ಎಷ್ಟು ಬಿಗಿ ಮಾಡಿದರೂ ಒಳ್ಳೆಯದೇ, ಆದರೆ ಅದರ ಮೇಲೆ, ಹೆಂಚಿನ ಕೆಳಗೆ, ಗಾಳಿ ಆಡುತ್ತಲೇ ಇರಬೇಕು. ಹೆಂಚು ಒಂದಿಷ್ಟು ನೀರು ಕುಡಿಯುತ್ತದೆ, ರೀಪು ಪಕಾಸುಗಳಿಗೆ ಅದು ತಾಗುತ್ತದೆ. ಗಾಳಿಯಿದ್ದರೆ ಒಣಗುತ್ತದೆ, ಮುಚ್ಚಿದರೆ ಐದಾರು ವರ್ಷದಲ್ಲಿ ಮರ ಲಡ್ಡಾಗುತ್ತದೆ. ತೆರಪುಗಳಿಗೆ ಬಾವಲಿ, ಇಲಿ ಬಾರದಂತೆ ಜಾಲರಿ ಬಡಿಸಿ. ಒಡೆದ ಹೆಂಚು ಬದಲಿಸಲು ಹತ್ತಿ ಹೋಗುವಷ್ಟು ದೊಡ್ಡ ಕಿಂಡಿಯೊಂದನ್ನು ಒಳಮಾಳಿಗೆಯಲ್ಲಿ ಬಿಡಿಸಿ, ಅದರ ಮುಚ್ಚಳಕ್ಕೂ ರಬ್ಬರ್ ಪಟ್ಟಿ ಕೊಡಿಸಿ. ಗಿಲಾವು ಕೆತ್ತುವ ಕೆಲಸವನ್ನು ಫೆಬ್ರವರಿಗಿಂತ ಮೊದಲು ಹಿಡಿಯಬೇಡಿ, ಕೆತ್ತಿದ ಗೋಡೆಯನ್ನು ಒಂದು ತಿಂಗಳಾದರೂ ಬರಿಮೈಯಲ್ಲಿ ಬಿಡಿ. ಒಳಗಿನ ಉಪ್ಪು ಹೂವಿನಂತೆ ಅರಳಿ ಹೊರಬಂದದ್ದನ್ನು ಒಣ ಪೊರಕೆಯಿಂದ ಗುಡಿಸಿ ತೆಗೆದ ಮೇಲೆಯೇ ಸುಣ್ಣ ಹಿಡಿಸಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.